ಅಚ್ಚಿನ ನೋವು

ಅಂಗಿ ಬಿಚ್ಚಿ ಅಂದಾಗ ಫ್ರೊಯ್ಲಾನ್ ಮೇಲಿನ ಎರಡು ಗುಂಡಿ ಬಿಚ್ಚಿ ಸುಮ್ಮನೆ ಕೂತ. ಪೂರ್ತಿ ಬಿಚ್ಚಬೇಕು ಅಂದಳು ಡಾಕ್ಟ್ರಮ್ಮ. ಬಿಚ್ಚಿದ. ಬಿಚ್ಚಿದ ಅಂಗಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಚಿ ತೊಡೆಯ ಮೇಲಿಟ್ಟುಕೊಂಡ. ಅದು ಜಾರಿತು, ಮತ್ತೆ ಮಡಿಚಿದ. ಐವತ್ತೆಂಟು ವರ್ಷದಲ್ಲಿ ಆ ಎದೆಯನ್ನು ಹಗಲು ಬೆಳಕಿನಲ್ಲಿ ಹೆಂಡತಿ ಬಿಟ್ಟು ಇನ್ನೊಬ್ಬ ಹೆಂಗಸು ನೋಡಿದ್ದಿಲ್ಲ. ಈಗ ನೋಡಿದವಳು ಕೈಯಲ್ಲಿದ್ದ ತಂತಿಗಳನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಎದೆಯ ನಡುವೆ, ತುಸು ಎಡಕ್ಕೆ, ಅಂಗೈ ಅಗಲದ ಕಪ್ಪು ಜಡ್ಡು. ನೊಗ ಹೊತ್ತು ಹೊತ್ತು ಎತ್ತಿನ ಹೆಗಲ ಮೇಲೆ ಏಳುವಂಥದ್ದು, ಕೂದಲಿಲ್ಲದ್ದು, ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಹೊಳೆಯುವಂಥದ್ದು.

"ಇದೇನು ಡೋನ್ ಫ್ರೊಯ್ಲಾನ್? ಎಷ್ಟು ದಿನದಿಂದ ಇದೆ?"

"ಅದು ಅಚ್ಚಿಂದು ತಾಯಿ."

"ಅಚ್ಚು ಅಂದ್ರೆ?"

"ಮರದ ಅಚ್ಚು. ಅದರ ಮೇಲೆ ಟೋಪಿ ಕೂರತ್ತೆ, ಟೋಪಿ ಮೇಲೆ ನಾವು ಎದೆ ಊರ್ತೀವಿ. ಎರಡೂ ಕೈ ಕೆಳಗಡೆ ಹೆಣೀತಾ ಇರ್ತವಲ್ಲ, ಟೋಪೀನ ಅಲ್ಲಾಡದ ಹಾಗೆ ಹಿಡ್ಕೊಳ್ಳೋಕೆ ಎದೆ ಬಿಟ್ಟು ಬೇರೆ ಏನಿದೆ ಹೇಳಿ?"

"ದಿನಾ?"

"ಭಾನುವಾರ ಬಿಟ್ಟು."

"ಎಷ್ಟು ವರ್ಷದಿಂದ?"

"ಒಂಬತ್ತು ತುಂಬಿತ್ತು, ಅಮ್ಮ ಕೂರಿಸಿದಳು."

ಡಾಕ್ಟ್ರಮ್ಮ ರಾಜಧಾನಿ ಕಿತೊ ಕಡೆಯವಳು, ಚಳಿ ಸೀಮೆಯವಳು. ಓದು ಮುಗಿಸಿದವರು ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಬೇಕೆಂಬ ಸರ್ಕಾರದ ಕಟ್ಟಳೆಗೆ ಮನಾಬಿಯ ಈ ಒಣ ಗುಡ್ಡದ ಊರಿಗೆ ಬಂದು ಬಿದ್ದವಳು. ಬಂದು ಮೂರು ತಿಂಗಳಾಗಿತ್ತು. ಇನ್ನೂ ಸೆಕೆಗೆ ಒಗ್ಗಿರಲಿಲ್ಲ, ಮೂಗಿನ ಮೇಲೆ ಬೆವರು. ಮಗಳಿಗಿಂತ ಚಿಕ್ಕವಳು ಅಂದುಕೊಂಡ. ಅವನಿಗೆ ಮಗಳಿರಲಿಲ್ಲ. ಮಕ್ಕಳೇ ಇರಲಿಲ್ಲ. ಆದರೂ ಹಾಗೆ ಅನ್ನಿಸಿತು. ಮಲಗಿ ಅಂದಳು. ಮಲಗಿದ. ತಣ್ಣನೆಯ ಏನನ್ನೋ ಎದೆಗೆ ಹಚ್ಚಿ ರಬ್ಬರಿನ ಬಟ್ಟಲುಗಳನ್ನು ಒತ್ತಿದಳು. ಉಳಿದವು ಹಿಡಿದುಕೊಂಡವು, ಜಡ್ಡಿನ ಮೇಲಿನದು ಮಾತ್ರ ಹಿಡಿಯದೆ ಬಿತ್ತು. ಮತ್ತೆ ಒತ್ತಿದಳು, ಮತ್ತೆ ಬಿತ್ತು. "ಸತ್ತ ಚರ್ಮ," ಅಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. ಅವನು "ಕ್ಷಮಿಸಿ" ಅಂದ. ಯಾಕೆ ಅಂದೆನೆಂದು ತಿಳಿಯಲಿಲ್ಲ.

ಅಂಗಾತ ಮಲಗಿ ಎಚ್ಚರವಾಗಿರುವುದು ಅವನಿಗೆ ಒಗ್ಗದ ಸಂಗತಿ. ನೆಲ ನೋಡಿಕೊಂಡೇ ಬದುಕುವ ಜನ ಈ ಊರಿನವರು. ಇನ್ನೂ ಮಬ್ಬಿರುವಾಗಲೇ, ಸಮುದ್ರದ ಕಡೆಯಿಂದ ಬಂದ ಮಂಜು ಗುಡ್ಡದ ಮೇಲೆ ಕೂತಿರುವಾಗಲೇ, ಮನೆಮನೆಯಲ್ಲೂ ಮುಕ್ಕಾಲಿಯ ಮೇಲಿನ ಅಚ್ಚಿಗೆ ದಿಂಬಿಟ್ಟು ಎದೆ ಊರಿ ಬಗ್ಗಿಬಿಡುತ್ತಾರೆ. ಬಿಸಿಲು ಬಂದರೆ ಟೋಪಿ ಹೆಣೆಯುವ ಗರಿಯ ಎಳೆ ಒಣಗಿ ಲಟಕ್ಕೆನ್ನುತ್ತದೆ, ಬೆರಳಿನ ಬೆವರು ಬಿಳಿ ಟೋಪಿಯ ಮೇಲೆ ಕಲೆಯಾಗುತ್ತದೆ. ಅದಕ್ಕೆ ತಂಪಿರುವಷ್ಟು ಹೊತ್ತು ಮಾತ್ರ ಕೆಲಸ. ಒಂದೊಂದು ಟೋಪಿಗೆ ನಾಲ್ಕು ತಿಂಗಳು, ಐದು ತಿಂಗಳು. ಛಾವಣಿಯಲ್ಲಿ ಒಂದು ಹಲ್ಲಿ ಇತ್ತು. ಅದು ಅವನನ್ನೇ ನೋಡುತ್ತಿತ್ತು. ಹತ್ತೊಂಬತ್ತು ದಿನದಿಂದ ಅವನು ಅಚ್ಚಿಗೆ ಎದೆ ಕೊಟ್ಟಿರಲಿಲ್ಲ. ಮನೆಯಲ್ಲಿ ಅವನ ಟೋಪಿ ಅಂಚಿನ ಹತ್ತಿರ ಬಂದು ನಿಂತಿದೆ, ಒದ್ದೆ ಬಟ್ಟೆ ಹೊದ್ದುಕೊಂಡು. ಹೆಂಡತಿ ಬೆನಿಲ್ಡಾ ದಿನಕ್ಕೆ ಮೂರು ಸಲ ಆ ಬಟ್ಟೆಗೆ ನೀರು ಚಿಮುಕಿಸುತ್ತಾಳೆ, ಏನೂ ಕೇಳುವುದಿಲ್ಲ. ಒಬ್ಬರು ಹಿಡಿದ ಟೋಪಿಯನ್ನು ಇನ್ನೊಬ್ಬರು ಮುಗಿಸುವಂತಿಲ್ಲ. ಕೈ ಬದಲಾದರೆ ಬೆಳಕಿಗೆ ಹಿಡಿದಾಗ ಆ ಸುತ್ತು ಎದ್ದು ಕಾಣುತ್ತದೆ, ಊರೇ ನಗುತ್ತದೆ. ಹೆಣೆಯುತ್ತಾ ಸತ್ತವರ ಟೋಪಿಯನ್ನು ಹಾಗೇ, ಎಳೆ ಜೋತುಬಿದ್ದ ಹಾಗೇ, ತೊಲೆಗೆ ಕಟ್ಟುತ್ತಾರೆ. ಅವನ ಮನೆಯಲ್ಲಿ ಒಂದು ಜೋತಾಡುತ್ತಿದೆ. ಎರಡನೆಯದಕ್ಕೆ ಜಾಗ ಪಕ್ಕದಲ್ಲೇ ಇದೆ.

"ಉಸಿರು ಹಿಡೀಬೇಡಿ. ಸಲೀಸಾಗಿ ಬಿಡಿ," ಅಂದಳು ಡಾಕ್ಟ್ರಮ್ಮ.

ಎದೆ ಹಿಡೀತದೆ ಮಗಾ ಅಂದಿದ್ದಳು ಅಮ್ಮ. ಮೊದಲ ಸಲ ಅಂದಾಗ ಅವನು ತಲೆ ಎತ್ತಿರಲಿಲ್ಲ. ಅಚ್ಚಿನ ನೋವು ಬಿಡು ಅಂದಿದ್ದ. ಈ ಊರಿನಲ್ಲಿ ಎದೆಯಲ್ಲಿ ಏನೇ ಬಂದರೂ ಅದು ಅಚ್ಚಿನ ನೋವು. ಹುಡುಗರಿಗೆ ಬರುತ್ತದೆ, ಬಸುರಿಗೆ ಬರುತ್ತದೆ, ಮುದುಕರಿಗೆ ಬಂದೇ ಇರುತ್ತದೆ. ಅದಕ್ಕೆ ಮದ್ದೂ ಗೊತ್ತಿದ್ದದ್ದೇ: ದಿಂಬನ್ನು ತಿರುವಿ ಹಾಕುವುದು, ಮುಲಾಮು ತಿಕ್ಕುವುದು, ಒಂದು ಭಾನುವಾರ ಬಿಸಿಲಿಗೆ ಎದೆಯೊಡ್ಡಿ ಕೂರುವುದು. ಅವನು ದಿಂಬು ತಿರುವಿ ಹಾಕಿದ. ಎರಡನೆಯ ಸಲ ಅಂದಾಗ ಹಳೇ ಕಂಬಳಿಯ ತುಂಡು ಮಡಿಚಿ ಇನ್ನೊಂದು ದಿಂಬು ಹೊಲಿದುಕೊಟ್ಟ. ಎಡಗೈ ಭಾರ ಅಂತೀನಿ ಅಂದಳು. ಹೆಣೆಯೋ ಕೈ ಭಾರ ಆಗದೆ ಹಗುರ ಆಗತ್ತಾ ಅಂದ. ಅವಳು ನಕ್ಕಳು. ಒಳ್ಳೆಯ ಮಾತು ಅಂತಲೇ ಅವನಿಗೂ ಅನ್ನಿಸಿತ್ತು. ಎಂಬತ್ತೊಂದು ವರ್ಷದ ಹೆಂಗಸು, ಬೆಳಗಿನಿಂದ ಬಾಯಿ ಮುಚ್ಚದವಳು: ಆ ಎಳೆ ಸರಿಯಿಲ್ಲ, ಈ ಕೋಳಿ ಮೊಟ್ಟೆ ಇಡ್ತಿಲ್ಲ, ನಿನ್ನ ಸುತ್ತು ಸಡಿಲ ಆಯ್ತು, ನಿಮ್ಮಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ದ. ಎದುರಾಬದುರು ಎರಡು ಅಚ್ಚು, ನಡುವೆ ಒಂದು ಮೊಳ ಜಾಗ, ನಲವತ್ತೆಂಟು ವರ್ಷ. ಆ ಮಾತಿನ ಕೆಳಗೆ ಕೂತು ಹೆಣೆಯುವುದೆಂದರೆ ಸೋರುವ ಮಾಡಿನ ಕೆಳಗೆ ಕೂತ ಹಾಗೆ.

ಯಂತ್ರ ಕಿರ್ರೆಂದು ಒಂದು ಉದ್ದನೆಯ ಕಾಗದ ಉಗುಳಿತು. ಡಾಕ್ಟ್ರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಥೇಟ್ ಟೋಪಿ ನೋಡುವವರ ಹಾಗೆ ಹಿಡಿದಳು. ಮೊಂತೆಕ್ರಿಸ್ತಿಯಿಂದ ಬರುವ ದಲ್ಲಾಳಿ ಹೀಗೇ, ಟೋಪಿಯೊಳಗೆ ಮುಖ ಹಾಕಿ, ಸೂರ್ಯನ ಕಡೆ ತಿರುಗಿ ಸುತ್ತುಗಳನ್ನು ನೋಡುತ್ತಾನೆ. ಎಲ್ಲಿ ಮನಸ್ಸು ತಪ್ಪಿತು, ಎಲ್ಲಿ ಜಗಳವಾಯಿತು, ಎಲ್ಲಿ ಜ್ವರ ಬಂತು, ಎಲ್ಲ ಅಲ್ಲಿ ಕಾಣುತ್ತದೆ ಅನ್ನುತ್ತಾರೆ. ಎಲ್ಲ ಕಾಣುವುದಿಲ್ಲ ಎಂಬುದು ಫ್ರೊಯ್ಲಾನನಿಗೆ ಗೊತ್ತು.

"ನಿಮ್ಮ ಹೃದಯ ಚೆನ್ನಾಗಿದೆ," ಅಂದಳು ಡಾಕ್ಟ್ರಮ್ಮ.

ಅವನು ಛಾವಣಿಯ ಹಲ್ಲಿಯನ್ನೇ ನೋಡುತ್ತಿದ್ದ.

"ಡೋನ್ ಫ್ರೊಯ್ಲಾನ್, ಕೇಳಿಸ್ತಾ? ಬಿ.ಪಿ. ಸರಿಯಿದೆ, ಇಸಿಜಿ ಸರಿಯಿದೆ, ಹೋದ ವಾರದ ರಕ್ತದ ಪರೀಕ್ಷೆನೂ ಸರಿಯಿದೆ. ಖುಷಿಪಡಬೇಕಪ್ಪ ನೀವು."

"ಸರಿಯಾಗಿ ನೋಡಿದ್ರಾ ತಾಯಿ? ಅಲ್ಲಿ ಅಂಟಿಕೊಳ್ಳಲಿಲ್ಲವಲ್ಲ ಅದು."

"ಕೊನೆಗೆ ಅಂಟಿತು. ನೋಡಿದೆ."

ಬೈಗುಳ ಕೇಳಿಸಿಕೊಂಡ ಹಾಗಾಯಿತು ಅವನಿಗೆ. ಹತ್ತೊಂಬತ್ತು ದಿನ ಒಳಗೊಳಗೇ ಒಂದು ತಯಾರಿ ನಡೆದಿತ್ತು. ಅಮ್ಮನ ಎದೆಯಲ್ಲಿ ಇದ್ದದ್ದೇ ತನ್ನ ಎದೆಗೂ ಬಂದಿದೆ, ಅದೇ ಜಾಗ, ಅದೇ ಹಿಡಿತ, ಒಳಗಿನಿಂದ ಯಾರೋ ಎಳೆ ಬಿಗಿದ ಹಾಗೆ. ಬರಲಿ, ಬರಬೇಕಾದದ್ದೇ ಅಂತ ಅವನು ಜಾಗ ಮಾಡಿಕೊಂಡು ಕೂತಿದ್ದ. ಹೆದರಿಕೆ ಇತ್ತು, ರಾತ್ರಿ ಬೆವರುತ್ತಿದ್ದ, ಆದರೆ ಹೆದರಿಕೆಯ ತಳದಲ್ಲಿ ಒಂದು ಸಮಾಧಾನವೂ ಇತ್ತು: ಸರಿಗೆ ಸರಿ ಆಯಿತು ಎಂಬಂಥದ್ದು. ಈಗ ಈ ಹುಡುಗಿ ಒಂದು ಕಾಗದ ಹಿಡಿದು ಅದನ್ನೂ ಕಿತ್ತುಕೊಂಡಳು. ಅಂಗಿ ಹಾಕಿಕೊಳ್ಳಲು ಹೋದ; ಗುಂಡಿ ತಪ್ಪಾಗಿ ಹಾಕಿದ; ಬಿಚ್ಚಿ ಮತ್ತೆ ಹಾಕಿದ.

"ನೋವು ಸುಳ್ಳು ಅಂತ ನಾನು ಹೇಳ್ತಿಲ್ಲ," ಅಂದಳು ಅವಳು ಕುರ್ಚಿ ಎಳೆದು ಎದುರು ಕೂತು. "ನೋವು ನಿಜವೇ. ಮನಸ್ಸಿಗೆ ಭಾರ ಬಿದ್ದಾಗ, ಗಾಬರಿಯಾದಾಗ, ಎದೆಯ ಸ್ನಾಯು ಬಿಗಿಯತ್ತೆ. ಉಸಿರು ಮೇಲುಮೇಲೆ ಆಗತ್ತೆ. ಬಿಗಿದಿದ್ದು ನೋಯತ್ತೆ, ನೋವಾಯ್ತು ಅಂತ ಇನ್ನಷ್ಟು ಗಾಬರಿ, ಇನ್ನಷ್ಟು ಬಿಗಿ. ಹಗ್ಗಕ್ಕೆ ಹುರಿ ಹಾಕ್ತಾ ಹೋದ ಹಾಗೆ. ಯಾವಾಗ ಬರತ್ತೆ? ಗುಡ್ಡ ಹತ್ತುವಾಗ? ಸೌದೆ ಹೊತ್ತಾಗ?"

"ಇಲ್ಲ. ಹತ್ತುವಾಗ ಏನೂ ಆಗಲ್ಲ."

"ಮತ್ತೆ?"

ಮೊದಲ ಸಲ ಒಂದು ಭಾನುವಾರ ಬಂತು ಎಂದು ಹೇಳಿದ. ಬೂರುಗದ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದ, ಕೈಯಲ್ಲಿ ಶೇಂಗಾ ಹಾಕಿದ ಮೀನಿನ ಸಾರಿನ ಬಟ್ಟಲು, ಗಾಳಿಯಿಲ್ಲ, ಸದ್ದಿಲ್ಲ. ಬಂದು ಹಿಡಿಯಿತು. ಅಚ್ಚೂ ಇಲ್ಲ ಎಂಥದೂ ಇಲ್ಲ. ಅಚ್ಚಿಲ್ಲದೆ ಅಚ್ಚಿನ ನೋವು ಹೇಗೆ ಬರುತ್ತದೆ? ಅದಕ್ಕೇ ಹೆದರಿದ್ದು. ಆಮೇಲೆ ಹೆಣೆಯುವಾಗಲೂ ಬಂತು. ಯಾವಾಗಲೂ ಅಲ್ಲ. ಎಳೆ ಸಿಕ್ಕಾದಾಗ, ಬೆಳಕು ಸಾಲದಾದಾಗ, ಬೆರಳು ತಪ್ಪಿದಾಗ ಬರುವುದಿಲ್ಲ. ಇದನ್ನು ಹೇಳಲಿಲ್ಲ, ಮನಸ್ಸಿನಲ್ಲೇ ಅಂದುಕೊಂಡ: ಕೈ ತಾನೇ ತಾನಾಗಿ ಓಡುವಾಗ ಬರುತ್ತದೆ. ಸುತ್ತು ಸಮ ಬಂದಾಗ. ಚೆನ್ನಾಗಿದೆ ಅನ್ನಿಸಿದ ಕೂಡಲೇ.

"ಮನೆಯಲ್ಲಿ ಏನಾದ್ರೂ ಆಗಿದೆಯಾ? ಯಾರಾದ್ರೂ ತೀರಿಕೊಂಡದ್ದು, ಜಗಳ, ಅಂಥದ್ದು?"

"ಏನಿಲ್ಲ ತಾಯಿ. ಹೋದ ವರ್ಷ ಅಮ್ಮ ಹೋದಳು. ವಯಸ್ಸಾಗಿತ್ತು."

"ಹೇಗೆ ಹೋದರು?"

"ಸುಖವಾಗಿ."

 ಅವಳು ಒಂದು ಚೀಟಿ ತೆಗೆದು ಬರೆಯುತ್ತಾ, ಬರೆದದ್ದನ್ನು ಬಾಯಲ್ಲೂ ಹೇಳಿದಳು, ಅವನಿಗೆ ಓದು ಅಷ್ಟಕ್ಕಷ್ಟೆ ಎಂದು ತಿಳಿದವಳ ಹಾಗೆ: "ಉಸಿರು ನಿಧಾನ ಒಳಗೆ, ಅದಕ್ಕಿಂತ ನಿಧಾನ ಹೊರಗೆ. ಯಾರ ಹತ್ತಿರನಾದ್ರೂ ಮಾತಾಡಿ. ಹದಿನೈದು ದಿನ ಬಿಟ್ಟು ಬನ್ನಿ. ಆದರೆ ಇದೊಂದು ನೆನಪಿಡಿ, ಎದೆ ಹಿಡಿದಾಗ ಮೈ ತಣ್ಣಗೆ ಬೆವರಿದ್ರೆ, ನೋವು ಎಡಗೈಗೆ ಇಳಿದ್ರೆ, ಕೈ ಭಾರ ಅನ್ನಿಸಿದ್ರೆ, ದವಡೆ ಹಿಡಿದ್ರೆ, ಆಗ ಕಾಯಬೇಡಿ. ಯಾವ ಹೊತ್ತಾದ್ರೂ ಸರಿ, ತಕ್ಷಣ ಇಲ್ಲಿಗೆ. ಅದು ಬೇರೆ ನೋವು. ಆಯ್ತಾ?"

"ಆಯ್ತು."

ಎಡಗೈಗೆ ಇಳಿದ್ರೆ. ಕೈ ಭಾರ ಅನ್ನಿಸಿದ್ರೆ. ಅವಳು ಹೇಳುತ್ತಾ ಹೋದ ಹಾಗೆ ಅವನು ಒಂದೊಂದಕ್ಕೂ ತಲೆ ಆಡಿಸಿದ.

ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಾ ಎರ್ಲಿಂಡಾ ಕೂತಿದ್ದಳು. ಪಕ್ಕದ ಮನೆಯವಳು. ಊರಿನಲ್ಲಿ ಹುಟ್ಟಿದ ಕೂಸಿಗೆ ಮೊದಲ ನೀರು ಹಾಕುವವಳೂ ಸತ್ತವರಿಗೆ ಕೊನೆಯ ನೀರು ಹಾಕುವವಳೂ ಅವಳೇ. ಹಲ್ಲು ನಾಲ್ಕೋ ಐದೋ ಇದ್ದವು, ಮಾತಿಗೆ ಅವು ಸಾಕಾಗಿದ್ದವು.

"ಏನಯ್ಯಾ ಫ್ರೊಯ್ಲಾನ್, ಗುಂಡಿ ಹಾಕ್ಕೊಳ್ತಾ ಹೊರಗೆ ಬರ್ತಿದ್ದೀಯ! ಬೆನಿಲ್ಡಾಗೆ ಹೇಳ್ಲಾ?"

ಬೆಂಚಿನವರೆಲ್ಲ ನಕ್ಕರು. ಅವನೂ ಬಾಯಿ ಅಗಲ ಮಾಡಿದ.

"ಎದೆ ನೋಡಿದಳು."

"ಎಪ್ಪತ್ತು ವರ್ಷದಿಂದ ನನ್ನ ಎದೆ ಯಾರೂ ನೋಡ್ಲಿಲ್ಲ, ನಾನೂ ಅದಕ್ಕೇ ಬಂದೆ ನೋಡು," ಅಂದಳು ಎರ್ಲಿಂಡಾ. ಮತ್ತೆ ನಗು. ನಗು ಇಳಿದ ಮೇಲೆ ಅವನ ಮೊಣಕೈ ಹಿಡಿದು ಎಳೆದು ದನಿ ತಗ್ಗಿಸಿದಳು. "ಏನಂದಳು ಆ ಹುಡುಗಿ?"

"ಏನೂ ಇಲ್ಲವಂತೆ."

"ಇಲ್ಲ ಅಂದ್ರೆ ಇಲ್ಲ. ನಿನ್ನ ತಾಯಿ ಮೇಲಿಂದ ಕಾಯ್ತಾಳೆ ಬಿಡು. ಕೊನೆ ಉಸಿರಲ್ಲಿ ಮಗನ ಹೆಸರು ಹೇಳಿ ಹೋದವಳು. ಎಷ್ಟು ಜನಕ್ಕೆ ಉಂಟು ಆ ಭಾಗ್ಯ?"

ಒಂದು ವರ್ಷದಿಂದ ಅವಳು ಎಲ್ಲಿ ಸಿಕ್ಕರೂ ಇದೇ ಮಾತು ಹೇಳುತ್ತಾಳೆ. ಅಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಮೀನಿನ ಗಾಡಿಯ ಹತ್ತಿರ. ಅವಳು ಹೇಳಿದಾಗಲೆಲ್ಲ ಪಕ್ಕದಲ್ಲಿದ್ದವರು ಹೂಂ ಹೌದು ಅನ್ನುತ್ತಾರೆ. ಅವನು ನೆಲ ನೋಡುತ್ತಾನೆ, ದುಃಖದಿಂದ ನೋಡುತ್ತಾನೆ ಅಂದುಕೊಳ್ಳುತ್ತಾರೆ. ಆರೋಗ್ಯ ಕೇಂದ್ರದ ಬಾಗಿಲಿನಿಂದ ತನ್ನ ಮನೆಯ ಏರಿನವರೆಗೆ ನಡೆಯುವಾಗ ಆ ಮಾತು ಕಾಲಿಗೆ ಅಂಟಿದ ಮಣ್ಣಿನ ಹಾಗೆ ಜೊತೆಗೇ ಬಂತು.

ಹೆಸರು ಅಮ್ಮ ಹೇಳಲಿಲ್ಲ. ಆ ಬೆಳಿಗ್ಗೆ ಬೆನಿಲ್ಡಾ ಕತ್ತಲಿರುವಾಗಲೇ ಕಡಲ ದಾರಿಗೆ ಮೀನು ತರಲು ಹೋಗಿದ್ದಳು. ಅಮ್ಮ ತನ್ನ ಅಚ್ಚಿನ ಮುಂದೆ ಕೂತು ಎರಡು ದಿಂಬನ್ನೂ ಸರಿಮಾಡಿಕೊಂಡು ಬಗ್ಗಿದಳು. ಇವತ್ತು ಎಳೆ ಚೆನ್ನಾಗಿ ನೆನೆದಿದೆ ಅಂದಳು. ಆಮೇಲೆ ಇನ್ನೇನೋ ಶುರು ಮಾಡಿದಳು, ರಾತ್ರಿ ನಿದ್ದೆ ಇಲ್ಲ, ಎದೆ, ಎಂದು. ಮಾತು ಸಾಕು ಅಮ್ಮ, ಹೆಣಿ ಅಂದ ಅವನು. ಅವಳು ಸುಮ್ಮನಾದಳು. ಸುಮ್ಮನಾದದ್ದಕ್ಕೆ ಅವನಿಗೆ ಸಂತೋಷವಾಯಿತು. ಸಂತೋಷ ಅನ್ನುವ ಮಾತು ದೊಡ್ಡದೇನೋ, ಒಂದು ಬಿಡುವು, ಕಿವಿಯಲ್ಲಿ ನಿಂತ ನೀರು ಇಳಿದುಹೋದಾಗ ಆಗುವಂಥದ್ದು. ಮಂಜು ಬಾಗಿಲವರೆಗೆ ಬಂದಿತ್ತು. ಬೆರಳು ಎಳೆಯ ಮೇಲೆ ಓಡಿತು. ಒಂದು ಮೇಲೆ, ಒಂದು ಕೆಳಗೆ, ಒಂದು ಮೇಲೆ. ಯಾವತ್ತೂ ಹಾಗೆ ಓಡಿದ್ದಿಲ್ಲ. ಒಂದು ಸುತ್ತು ಮುಗಿಯಿತು, ಎರಡನೆಯದು ಹಿಡಿದ. ತಲೆ ಎತ್ತಲಿಲ್ಲ. ಎದುರಿಗೆ ಅವಳ ತಲೆಯ ಬಿಳಿ ಬೈತಲೆ ಕಣ್ಣಂಚಿಗೆ ಕಾಣುತ್ತಿತ್ತು, ಸದಾ ಕಾಣುವ ಹಾಗೇ, ಕೆಳಕ್ಕೆ ಬಾಗಿ. ನಡುವೆ ಒಮ್ಮೆ ಮಾತಾಡಿದ ಕೂಡ. ನೋಡಮ್ಮ, ಮಾತಿಲ್ಲದಿದ್ರೆ ಎಷ್ಟು ಕೆಲಸ ಆಗತ್ತೆ ಅಂದ. ಅವಳು ಮುನಿಸಿಕೊಂಡಿದ್ದಾಳೆ ಎಂದುಕೊಂಡ. ಮುನಿಸಿಕೊಳ್ಳಲಿ, ಬಿಸಿಲು ಬರುವವರೆಗಾದರೂ ಅಂದುಕೊಂಡ.

ಬಿಸಿಲು ಬಂತು ಎಂದು ಹೇಳುವುದು ಮನೆಯ ಹಿರಿಯರ ಕೆಲಸ. ಎಲ್ಲ ಮನೆಯಲ್ಲೂ ಹಾಗೇ. ಬಿಸಿಲಿನ ಗೆರೆ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಹಿರಿಯರು 'ಬಿಸಿಲು ಬಂತು, ಮುಚ್ಚು' ಅನ್ನಬೇಕು, ಉಳಿದವರು ಟೋಪಿಗೆ ಒದ್ದೆ ಬಟ್ಟೆ ಹೊದಿಸಿ ಏಳಬೇಕು. ಅಮ್ಮ ಒಂದು ದಿನ ತಪ್ಪಿಸಿದವಳಲ್ಲ. ಗೆರೆ ಹೊಸ್ತಿಲು ದಾಟಿತು. ಅವಳ ಮುಕ್ಕಾಲಿಯ ಕಾಲು ಮುಟ್ಟಿತು. ಅವಳ ಪಾದದ ಮೇಲೆ ಹತ್ತಿತು. ಅಮ್ಮ, ಬಿಸಿಲು ಬಂತಲ್ಲ ಅಂದ ಅವನು. ಆಗ ತಲೆ ಎತ್ತಿದ. ಬಾಗಿದ ಮುಖದ ಕೆಳಗೆ ನೊಣ ಒಂದು ಓಡಾಡುತ್ತಿತ್ತು.

ಮೂರು ಗಂಟೆ ಹೊತ್ತು. ಅದರಲ್ಲಿ ಎಷ್ಟು ಹೊತ್ತು ಅವಳಿದ್ದಳು, ಎಷ್ಟು ಹೊತ್ತು ಇರಲಿಲ್ಲ, ಗೊತ್ತಿಲ್ಲ. ಬೆನಿಲ್ಡಾ ಮೀನಿನ ಬುಟ್ಟಿ ಹೊತ್ತು ಬಂದು ಬಾಗಿಲಲ್ಲಿ ನಿಂತಾಗ ಅವನ ಬಾಯಿ ಹೇಳಿತು: ಈಗ, ಈಗಷ್ಟೇ, ಫ್ರೊಯ್ಲಾನ್ ಅಂದಳು, ಹೋದಳು. ಬಾಯಿಗೆ ಹೇಗೆ ಬಂತೋ. ಬಂದದ್ದು ಮನೆ ದಾಟಿ ಊರಾಯಿತು. ಆ ಎರಡು ಸುತ್ತು ಇದ್ದ ಟೋಪಿಯನ್ನು ದಲ್ಲಾಳಿ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ್ದ. ಇಲ್ಲಿ, ಈ ಎರಡು ಸುತ್ತು, ದೇವರು ಕೂತು ಹೆಣೆದ ಹಾಗಿದೆ ಡೋನ್ ಫ್ರೊಯ್ಲಾನ್, ಅವತ್ತು ಏನು ತಿಂದಿದ್ದಿರಿ ಅಂದಿದ್ದ. ಈಗ ಅದು ಯಾವ ದೇಶದ ಯಾವ ತಲೆಯ ಮೇಲಿದೆಯೋ.

ಬೆನಿಲ್ಡಾ ಅಂಗಳದಲ್ಲಿ ಹುರಿದ ಶೇಂಗಾ ಮತ್ತು ಜೋಳ ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಅವನು ಬಂದದ್ದು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಏನಂದಳು?"

"ಏನೂ ಇಲ್ಲವಂತೆ. ಹೃದಯ ಚೆನ್ನಾಗಿದೆಯಂತೆ."

"ದೇವರು ದೊಡ್ಡವನು. ಮತ್ತೆ ಯಾಕೆ ಸತ್ತ ಕೋಳಿ ಮುಖ ಮಾಡ್ಕೊಂಡಿದ್ದೀಯ?"

"ಮನಸ್ಸಿನದಂತೆ. ಬಿಗಿಯತ್ತಂತೆ."

ಅವಳು ಒನಕೆ ಎತ್ತಿದವಳು ಹಾಗೇ ಹಿಡಿದಳು, ಆಮೇಲೆ ಮೆಲ್ಲಗೆ ಇಳಿಸಿದಳು. ಸುಟ್ಟ ಬಾಳೆಕಾಯಿ, ಅದರ ಮೇಲೆ ಕುಟ್ಟಿದ ಪುಡಿ, ಒಂದು ಲೋಟ ಕಾಫಿ ತಂದು ಮುಂದಿಟ್ಟಳು. ಅವನು ತಿಂದ. ರುಚಿ ಇತ್ತು, ಇದೆ ಎಂದು ತಿಳಿಯಿತು, ಅಷ್ಟೆ. ಹತ್ತೊಂಬತ್ತು ದಿನದಿಂದ ಹೀಗೇ, ಎಲ್ಲವೂ ಕೈಗವಸಿನೊಳಗಿಂದ ಮುಟ್ಟಿದ ಹಾಗೆ. ಮಧ್ಯಾಹ್ನ ತೂಗುಮಂಚದಲ್ಲಿ ಬಿದ್ದುಕೊಂಡು ತೊಲೆ ನೋಡಿದ. ಅಮ್ಮನ ಟೋಪಿ ಬಟ್ಟೆಯೊಳಗಿಂದ ಎಳೆ ಇಳಿಬಿಟ್ಟು ಜೋತಿತ್ತು. ಒಂದು ವರ್ಷದಲ್ಲಿ ಎಳೆ ಹಳದಿ ತಿರುಗಿತ್ತು. ಒಂದು ತುದಿ ಮಾತ್ರ ಉಳಿದವುಗಳಿಗಿಂತ ಚಿಕ್ಕದಾಗಿ, ಕತ್ತರಿಸಿದ ಹಾಗೆ ನೇರವಾಗಿತ್ತು. ಒಂದು ವರ್ಷದಿಂದ ಅದರ ಕೆಳಗೆ ಮಲಗುತ್ತಿದ್ದಾನೆ, ಇವತ್ತು ಕಂಡಿತು. ಹೆಣೆಯುವವರು ಯಾರೂ ನಡುವೆ ಎಳೆ ಕತ್ತರಿಸುವುದಿಲ್ಲ.

ಸಂಜೆಗೆ ಗುಡ್ಡದ ಮೇಲೆ ತುಂತುರು ಇಳಿಯಿತು. ಗಾಳಿ ತಂಪಾಯಿತು. ನೆರೆಮನೆಗಳಲ್ಲಿ ಮುಕ್ಕಾಲಿ ಎಳೆಯುವ ಸದ್ದು ಕೇಳಿಸಿತು. ಅವನು ಎದ್ದು ಹೋಗಿ ತನ್ನ ಟೋಪಿಯ ಬಟ್ಟೆ ತೆಗೆದ. ಕೂತ. ದಿಂಬಿಟ್ಟು ಎದೆ ಊರಿದ. ಮರ ತನ್ನ ಜಾಗ ಹುಡುಕಿಕೊಂಡು ಜಡ್ಡಿನೊಳಗೆ ಕೂತಿತು. ಬೆರಳು ಮೊದಲು ತೊದಲಿತು, ಆಮೇಲೆ ದಾರಿ ಹಿಡಿಯಿತು. ಒಂದು ಮೇಲೆ, ಒಂದು ಕೆಳಗೆ. ಎದುರಿನ ಅಚ್ಚು ಬರಿದಾಗಿತ್ತು. ಕೈ ಸಲೀಸಾಗುತ್ತಿದೆ ಎಂದು ಅನ್ನಿಸಿದ್ದೇ ತಡ, ನೋವು ಬಂತು. ಎದೆಯ ಹಿಂದೆ, ಬೆನ್ನಿನ ತನಕ. ಉಸಿರು ತುಂಡಾಯಿತು. ಡಾಕ್ಟ್ರಮ್ಮ ಹೇಳಿದ್ದು ನೆನಪಾಗಿ ಎಡಗೈ ಮುಟ್ಟಿಕೊಂಡ. ಭಾರವಿಲ್ಲ. ಬೆವರಿಲ್ಲ. ಇರಬಾರದಿತ್ತೇ ಅನ್ನಿಸಿತು.

"ಬಂತಾ?" ಅಂದಳು ಬೆನಿಲ್ಡಾ. ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಒಂದು ಕಟ್ಟು ಎಳೆ. ಕಣ್ಣು ಮಂಜಾದ ಮೇಲೆ ಅವಳು ಹೆಣೆಯುವುದು ಬಿಟ್ಟಿದ್ದಳು, ಎಳೆ ಸೀಳಿಕೊಡುತ್ತಿದ್ದಳು.

"ಹೂಂ."

ಅವಳು ಒಳಗೆ ಬಂದು ಅಮ್ಮನ ಪೀಠದ ಮೇಲೆ ಕೂತಳು. ಒಂದು ವರ್ಷದಲ್ಲಿ ಅಲ್ಲಿ ಯಾರೂ ಕೂತಿರಲಿಲ್ಲ. ಉಗುರಿನಿಂದ ಎಳೆ ಸೀಳತೊಡಗಿದಳು. ಸರ್ ಸರ್ ಸದ್ದು. ಅವನು ತಲೆ ಬಗ್ಗಿಸಿಕೊಂಡೇ ಇದ್ದ. ಅವಳ ಮುಖ ಕಾಣಿಸದಿದ್ದದ್ದೇ ಒಳ್ಳೆಯದಾಯಿತು.

"ಅವಳು ನನ್ನ ಹೆಸರು ಹೇಳಲಿಲ್ಲ," ಅಂದ.

ಎಳೆ ಸೀಳುವ ಸದ್ದು ನಿಲ್ಲಲಿಲ್ಲ.

"ಏನೂ ಹೇಳಲಿಲ್ಲ. ಮಾತು ಸಾಕು ಅಂದೆ, ಸುಮ್ಮನಾದಳು. ನಾನು ಹೆಣೀತಾ ಕೂತೆ. ಎರಡು ಸುತ್ತು ಹೆಣೆದೆ ಬೆನಿಲ್ಡಾ. ಎದುರಿಗೆ ಅವಳು ಹಾಗಿದ್ದಳು, ನಾನು ಹೆಣೆದೆ. ಚೆನ್ನಾಗಿತ್ತು. ಕೈ ಹೀಗೆ ಓಡ್ತಿತ್ತು. ನೋಡು, ಮಾತಿಲ್ಲದಿದ್ರೆ ಎಷ್ಟು ಚೆಂದ ಅಂತ ಅವಳಿಗೇ ಹೇಳಿದೆ."

"ಗೊತ್ತು ಕಣೋ," ಅಂದಳು ಬೆನಿಲ್ಡಾ.

ಅವನು ತಲೆ ಎತ್ತಿದ.

"ಎರ್ಲಿಂಡಾ, ನಾನು, ಇಬ್ಬರೂ ಸೇರಿ ಅವಳನ್ನ ಮಂಚಕ್ಕೆ ತಂದ್ವಿ. ನೆಟ್ಟಗೆ ಮಲಗಿಸೋಕೆ ಆಗಲಿಲ್ಲ. ಬಗ್ಗಿದ್ದು ಬಗ್ಗಿದ ಹಾಗೇ ಇತ್ತು ಕತ್ತು. ಈಗಷ್ಟೇ ಹೋದವರು ಹಾಗೆ ಇರ್ತಾರಾ? ಬಿಸಿ ನೀರು ಹಾಕಿ, ಒತ್ತಿ ಒತ್ತಿ... ಬೆರಳ ನಡುವೆ ಎಳೆ ಹಿಡಿದಿದ್ದಳು. ಬಿಡಿಸೋಕೆ ನಮ್ಮ ಕೈಲಿ ಆಗಲಿಲ್ಲ. ಎರ್ಲಿಂಡಾನೇ ಕತ್ತರಿ ತಗೊಂಡು ಎಳೆ ಕತ್ತರಿಸಿದಳು. ಹಿಡಿದಿದ್ದ ತುಂಡು ಅವಳ ಕೈಲೇ ಹೋಯ್ತು."

"ಅವಳು ಏನಂದಳು?"

"ಯಾರು?"

"ಎರ್ಲಿಂಡಾ."

ಬೆನಿಲ್ಡಾ ಸೀಳಿದ ಎಳೆಯನ್ನು ತೊಡೆಯ ಮೇಲೆ ಜೋಡಿಸಿದಳು. "ಏನಂತಾಳೆ. ಮಂಚದ ಅಂಚಿಗೆ ಕೂತು ಸ್ವಲ್ಪ ಹೊತ್ತು ಉಸಿರುಬಿಟ್ಟಳು. ಆಮೇಲೆ ನನ್ನ ಕೇಳಿದಳು: ಅವನು ಹೊರಗಡೆ ಏನಂತಿದ್ದಾನೆ? ಹೆಸರು ಹೇಳಿ ಹೋದಳು ಅಂತಿದ್ದಾನೆ ಅಂದೆ. ಹಾಗಾದ್ರೆ ಹೆಸರು ಹೇಳಿ ಹೋದಳು ಅಂದಳು. ಎದ್ದು ಬಾಗಿಲು ತೆಗೆದು ಅಂಗಳದ ಜನಕ್ಕೆ ಹಾಗೇ ಸಾರಿದಳು. ಅವತ್ತಿಂದ ಸಾರ್ತಾನೇ ಇದ್ದಾಳೆ."

ಹೊರಗೆ ತುಂತುರು ತಗಡಿನ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು. ಅಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಇವತ್ತು ಬೆಂಚಿನ ಹತ್ತಿರ ಮೊಣಕೈ ಹಿಡಿದು. ತಾನು ಯಾರಿಗೆ ಮೋಸ ಮಾಡಿದೆ ಎಂದುಕೊಂಡಿದ್ದನೋ ಆ ಎರ್ಲಿಂಡಾ ಒಂದು ವರ್ಷ ಅವನ ಸುಳ್ಳನ್ನು ಅವನ ಬದಲು ಹೊತ್ತು ತಿರುಗಿದ್ದಳು. ಇದಕ್ಕೆ ಅಳಬೇಕು ಅನ್ನಿಸಿತು. ಅಳು ಬರಲಿಲ್ಲ. ನಾಚಿಕೆಯೂ ಪೂರ್ತಿ ಬರಲಿಲ್ಲ. ಒಂದು ಖಾಲಿ ಜಾಗ, ಮುಲಾಮು ಹಚ್ಚಿ ಒರೆಸಿದ ಹಾಗೆ ತಣ್ಣಗೆ. ನೋವು ಅಲ್ಲೇ ಇತ್ತು, ಆದರೆ ಮೊದಲಿನ ಹಾಗೆ ಹಿಡಿದಿರಲಿಲ್ಲ; ಬಂದವರು ಕೂತಿರುವ ಹಾಗೆ ಕೂತಿತ್ತು.

"ನನಗೆ ಯಾಕೆ ಹೇಳಲಿಲ್ಲ ನೀನು?"

"ನೀನು ಯಾಕೆ ಹೇಳಲಿಲ್ಲ ನನಗೆ?"

ಅವನು ಮತ್ತೆ ಬಗ್ಗಿದ. ಒಂದು ಮೇಲೆ, ಒಂದು ಕೆಳಗೆ. ಸ್ವಲ್ಪ ಹೊತ್ತಿಗೆ ಎಳೆಯ ಸದ್ದು ನಿಂತಿತು. ಅವನ ಎದೆ ಬಿಗಿಯಿತು. "ಬೆನಿಲ್ಡಾ," ಅಂದ, ತಲೆ ಎತ್ತುವ ಧೈರ್ಯವಾಗದೆ.

"ಇದ್ದೀನಿ. ಉಗುರು ಸೀಳಿತು, ನೋಡ್ಕೊಳ್ತಿದ್ದೆ."

"ಏನಾದ್ರೂ ಹೇಳ್ತಾ ಇರು."

"ಏನು ಹೇಳಲಿ?"

"ಏನಾದ್ರೂ. ಕೋಳಿ ವಿಷಯ ಹೇಳು."

ಅವಳು ಕೋಳಿಯ ವಿಷಯ ಹೇಳಿದಳು. ಕೆಂಪು ಕೋಳಿ ಎರ್ಲಿಂಡಾಳ ಬೇಲಿಯೊಳಗೆ ಮೊಟ್ಟೆ ಇಡುತ್ತದಂತೆ, ಎರ್ಲಿಂಡಾ ಕೇಳಿದರೆ ನಿಮ್ಮ ಕೋಳಿಗೂ ಗೊತ್ತು ಒಳ್ಳೆ ಮನೆ ಯಾವುದು ಅಂತ ಅನ್ನುತ್ತಾಳಂತೆ. ಬೆಳಕು ಹೋಗುವವರೆಗೆ ಹೇಳಿದಳು. ಸುತ್ತು ಅಲ್ಲಲ್ಲಿ ಸಡಿಲವಾಯಿತು. ಆದದ್ದು ಬೆರಳಿಗೆ ತಿಳಿಯಿತು. ಬಿಚ್ಚಲಿಲ್ಲ.

ಮಾರನೆಯ ಬೆಳಿಗ್ಗೆ ಮಂಜಿನಲ್ಲೇ ಕೂತ. ಅವಳೂ ಕೂತಳು. ನೋವು ಒಮ್ಮೆ ಬಂತು, ಹೋಯಿತು, ಇನ್ನೊಮ್ಮೆ ಬಂತು. ಅವನು ಹೆಸರು ಹಿಡಿದು ಕರೆದಾಗಲೆಲ್ಲ ಅವಳು ಇದ್ದೀನಿ ಇದ್ದೀನಿ ಎಂದು ಗೊಣಗಿದಳು. ಬಿಸಿಲಿನ ಗೆರೆ ಹೊಸ್ತಿಲ ಆಚೆ ಕಾದು ನಿಂತು, ಆಮೇಲೆ ಮೆಲ್ಲಗೆ ದಾಟಿತು. ಪೀಠದ ಕಾಲಿನ ಕಡೆ ಬಂತು. ಒಂದು ವರ್ಷದಿಂದ ಈ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ; ಎಳೆ ಲಟಕ್ಕೆಂದು ಮುರಿದಾಗಲೇ ಅವನು ಏಳುತ್ತಿದ್ದದ್ದು. ಹಿರಿಯರು ಹೇಳಬೇಕು. ಅವನು ಕಾದ. ಗೆರೆ ಬೆನಿಲ್ಡಾಳ ಪಾದ ಮುಟ್ಟಿತು.

"ಬಿಸಿಲು ಬಂತು," ಅಂದ ಫ್ರೊಯ್ಲಾನ್.

ದನಿ ಒಡೆದಿತ್ತು, ಅಮ್ಮನ ದನಿಯ ಹಾಗಿತ್ತು. ಬೆನಿಲ್ಡಾ ತಲೆ ಎತ್ತದೆ, "ಹಾಗಾದ್ರೆ ಮುಚ್ಚು," ಅಂದಳು.

ಮುಚ್ಚಿದ.